ನಿಮಗಿದು ಗೊತ್ತೆ? ಮಂಗಳೂರು ಉಳಿಸಿಕೊಂಡ ಇಂಗ್ಲಿಷ್ ಪಾದ್ರಿಯ ಪುರಾಣ

ಕ್ರಿಸ್ತನ ಕಥೆಯನ್ನು ಮರಾಠಿಯ ಓವಿ ಛಂದಸ್ಸಿನಲ್ಲಿ ಪುರಾಣವಾಗಿ ಹಾಡಿದವರು ಒಬ್ಬ ಇಂಗ್ಲಿಷ್ ಪಾದ್ರಿ! ವಿಲ್ಟ್‌ಷೈರ್‌ನ ಬುಷ್ಟನ್‌ನಲ್ಲಿ ಸುಮಾರು 1549ರಲ್ಲಿ ಹುಟ್ಟಿದ ಥಾಮಸ್ ಸ್ಟೀಫನ್ಸ್, ಜೆಸ್ವಿಟ್ ಸಂಘ ಸೇರಿ 1579ರ ಅಕ್ಟೋಬರ್‌ನಲ್ಲಿ ಗೋವೆಗೆ ಬಂದಿಳಿದರು. ಮತ್ತೆ ತಾಯ್ನಾಡು ನೋಡಲಿಲ್ಲ. ಗೋವೆಯ ಸಾಷ್ಟಿ ಪ್ರಾಂತ್ಯದ ಜೆಸ್ವಿಟ್ ಕಾಲೇಜಿನ ರೆಕ್ಟರ್ ಆಗಿಯೂ ದುಡಿದು, 1619ರಲ್ಲಿ ತೀರಿಕೊಂಡರು.

ಭಾರತದ ಭಾಷೆಗಳಿಗೂ ಗ್ರೀಕ್, ಲ್ಯಾಟಿನ್‌ಗಳಿಗೂ ಹೋಲಿಕೆಯಿದೆ ಎಂದು ಅವರು ತಮ್ಮ ಸಹೋದರನಿಗೆ ಬರೆದದ್ದು 1583ರಲ್ಲಿ. ಭಾಷಾವಿದ್ವಾಂಸ ವಿಲಿಯಂ ಜೋನ್ಸ್ ಇದೇ ಮಾತನ್ನು ಕಲ್ಕತ್ತೆಯಲ್ಲಿ ಹೇಳಿದ್ದು ಇನ್ನೂರು ವರ್ಷಗಳ ಮೇಲೆ, 1786ರಲ್ಲಿ. ಈ ಮುನ್ನೋಟಕ್ಕೆ ಸಲ್ಲಬೇಕಾದ ಗೌರವ ಸ್ಟೀಫನ್ಸ್‌ಗೆ ಇನ್ನೂ ಸಂದಿಲ್ಲ.

ಅವರ 'ಕ್ರಿಸ್ತಪುರಾಣ' 1616ರಲ್ಲಿ ಗೋವೆಯ ರಾಚೋಲ್‌ನಲ್ಲಿ ಅಚ್ಚಾಯಿತು. ಭಾಷೆ ಕೊಂಕಣಿ ಬೆರೆತ ಮರಾಠಿ, ಲಿಪಿ ರೋಮನ್. ಸುಮಾರು 11,000 ಪದ್ಯಗಳು. ಪ್ರತಿ ಪದ್ಯದಲ್ಲೂ ಮೊದಲ ಮೂರು ಸಾಲಿಗೆ ಪ್ರಾಸ, ನಾಲ್ಕನೆಯದು ಚಿಕ್ಕದು. ಅವರ ಕೊಂಕಣಿ ವ್ಯಾಕರಣ 1640ರಲ್ಲಿ, ಅವರು ತೀರಿಕೊಂಡ ಮೇಲೆ ಬೆಳಕು ಕಂಡಿತು.

1684ರಲ್ಲಿ ಗೋವೆಯ ಪೋರ್ಚುಗೀಸ್ ಆಡಳಿತ ದೇಶಭಾಷೆಯ ಬಳಕೆಯನ್ನೇ ನಿಷೇಧಿಸಿತು. ಪುರಾಣದ ಹಳೆಯ ಮುದ್ರಿತ ಪ್ರತಿಗಳು ಒಂದೂ ಉಳಿಯಲಿಲ್ಲ. ಉಳಿದದ್ದು ಕೈಬರಹದ ಪ್ರತಿಗಳು. ಗೋವೆಯಿಂದ ವಲಸೆ ಬಂದ ದಕ್ಷಿಣ ಕನ್ನಡದ ಕ್ರೈಸ್ತ ಮನೆತನಗಳು ಅವನ್ನು ಜೋಪಾನ ಮಾಡಿ, ಹಾಡಿಕೊಂಡು ಬಂದವು. ಆ ಕೈಬರಹಗಳನ್ನು ಹೋಲಿಸಿ ನೋಡಿ, ಜೋಸೆಫ್ ಎಲ್. ಸಲ್ಡಾನ್ಹಾ 1907ರಲ್ಲಿ ಮಂಗಳೂರಿನ ಬೋಳಾರದಿಂದ ಪುರಾಣವನ್ನು ಮತ್ತೆ ಅಚ್ಚಿಗೆ ತಂದರು.