ಬಾಗಿಲು ಮುಚ್ಚಿದ ಮೇಲೆ ಬರುವ ಮಾತು

ಪ್ರತಿ ವರ್ಷ ದೀಪಾವಳಿ ಸಂಚಿಕೆಯ ಕೆಲಸ ಶುರುವಾದಾಗ ಸಂಪಾದಕರಿಂದ ನನಗೊಂದು ಫೋನ್ ಬರುತ್ತದೆ. "ಡಾಕ್ಟ್ರೇ, ಸಕ್ಕರೆ ಕಾಯಿಲೆ ಬಗ್ಗೆ ಒಂದು ಬರೀರಿ, ಇಲ್ಲಾಂದ್ರೆ ಬಿಪಿ ಬಗ್ಗೆ." ಹೋಳಿಗೆ, ಚಿರೋಟಿ ಬಡಿಸುವ ದಿನವೇ ಸಕ್ಕರೆ ಕಾಯಿಲೆಯ ಲೇಖನ ಹಂಚುವುದು ಯಾವ ನ್ಯಾಯವೋ ನನಗಂತೂ ಗೊತ್ತಾಗಿಲ್ಲ. ಈ ಸಲ ಬೇರೆ ವಿಷಯ ಬರೆಯುತ್ತೇನೆಂದು ಮೊದಲೇ ಹೇಳಿಬಿಟ್ಟೆ. ಅದಕ್ಕೆ ಕಾರಣ ಕಳೆದ ಯುಗಾದಿ ಊಟದಲ್ಲಿ ಎದ್ದ ಒಂದು ಚರ್ಚೆ. ಚರ್ಚೆ ಎಂದು ಮರ್ಯಾದೆಗೆ ಹೇಳುತ್ತಿದ್ದೇನೆ, ಜಗಳ ಎಂದರೂ ತಪ್ಪಿಲ್ಲ.

ಆದದ್ದು ಇಷ್ಟು. ನಮ್ಮಲ್ಲೊಬ್ಬ ಹಿರಿಯರು ಕಾರ್ಯಕ್ರಮದಲ್ಲಿ ಕುಣಿದ ಪುಟ್ಟ ಹುಡುಗಿಯ ವಿಡಿಯೋವನ್ನು ಫೇಸ್‌ಬುಕ್‌ಗೆ ಹಾಕಿದ್ದರು. ಹುಡುಗಿಯ ತಾಯಿ, ದಯವಿಟ್ಟು ತೆಗೆದುಬಿಡಿ ಎಂದು ಕೇಳಿಕೊಂಡರು. ಹಿರಿಯರಿಗೆ ನೋವಾಯಿತು. "ಹೊಗಳಿಯೇ ಬರೆದಿದ್ದೀನಲ್ಲಮ್ಮ, ಇದರಲ್ಲಿ ಮುಚ್ಚಿಡೋದೇನಿದೆ? ನಮ್ಮೂರಲ್ಲಿ ಹಗಲು ಹೊತ್ತು ಬಾಗಿಲು ಹಾಕ್ತಾನೇ ಇರಲಿಲ್ಲ." ಇಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ಹುಡುಗರು ತಾಯಿಯ ಪರ ನಿಂತು "ಅಂಕಲ್, ಪ್ರೈವೆಸಿ" ಎಂದರು. ಇನ್ನೊಂದು ಗುಂಪು "ಹಾಗಾದರೆ ವಾಕ್ ಸ್ವಾತಂತ್ರ್ಯ ಎಲ್ಲಿಗೆ ಹೋಯಿತು?" ಎಂದು ಕೇಳಿತು. ಪಾಯಸ ಆರಿ ಕೆನೆ ಕಟ್ಟಿತು.

ಜರ್ಮನಿಯ ಕಾನೂನಿನ ಮಟ್ಟಿಗೆ ಹೇಳುವುದಾದರೆ ಆ ತಾಯಿಯೇ ಸರಿ. ಒಬ್ಬರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಪ್ರಚಾರ ಮಾಡಬಾರದೆನ್ನುವ ಕಾನೂನು ಇಲ್ಲಿ ಬಂದದ್ದು ಫೇಸ್‌ಬುಕ್ ಕಾಲದಲ್ಲಲ್ಲ, 1907ರಲ್ಲಿ. ಅದರ ಹಿಂದಿನ ಕಥೆ ಸ್ವಾರಸ್ಯವಾಗಿದೆ. 1898ರ ಜುಲೈ 30ರ ರಾತ್ರಿ ಬಿಸ್ಮಾರ್ಕ್ ತೀರಿಕೊಂಡಾಗ ಇಬ್ಬರು ಛಾಯಾಗ್ರಾಹಕರು ಅವರ ಮನೆಯೊಳಕ್ಕೆ ನುಗ್ಗಿ ಶವದ ಫೋಟೋ ತೆಗೆದುಕೊಂಡರು. ಮಾರಿ ದುಡ್ಡು ಮಾಡುವ ಆಲೋಚನೆ. ಮಕ್ಕಳು ಕೋರ್ಟಿಗೆ ಹೋದರು. ಚಿತ್ರವನ್ನು ತಡೆಯಲು ನ್ಯಾಯಾಧೀಶರು ಮನೆಗೆ ಅಕ್ರಮವಾಗಿ ನುಗ್ಗಿದ ತಪ್ಪನ್ನೇ ಆಧಾರ ಮಾಡಿಕೊಳ್ಳಬೇಕಾಯಿತು. ಮುಖದ ಮೇಲೆ ಮನುಷ್ಯನಿಗೊಂದು ಹಕ್ಕು ಇದೆಯೆಂದು ಕಾನೂನಿನಲ್ಲೇ ಬರೆದದ್ದು ಅದಾದ ಮೇಲೆ. ಅಂದರೆ ನಮ್ಮ ಹುಡುಗರು ಹೇಳುವ ಪ್ರೈವೆಸಿ ಮೊಬೈಲ್ ಕಾಲದ ಹೊಸ ಖಯಾಲಿಯೇನಲ್ಲ.

ಆದರೆ ಅಂದಿನ ಜಗಳದಲ್ಲಿ ನನ್ನನ್ನು ಕಾಡಿದ್ದು ಕಾನೂನಲ್ಲ. ಎರಡೂ ಪಕ್ಷದವರು ತಮಗೇ ಗೊತ್ತಿಲ್ಲದೆ ಒಂದು ವಿಷಯದಲ್ಲಿ ಒಮ್ಮತದಿಂದಿದ್ದರು. ಖಾಸಗಿತನ, ವಾಕ್ ಸ್ವಾತಂತ್ರ್ಯ ಇವೆರಡು ತಕ್ಕಡಿಯ ಎರಡು ತಟ್ಟೆಗಳು, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಎಂದು. ಸುಮಾರು ಮೂವತ್ತು ವರ್ಷ ರೋಗಿಗಳ ಮಾತು ಕೇಳಿದ ನನಗೆ ಇದನ್ನು ಒಪ್ಪುವುದು ಕಷ್ಟ.

ಒಂದು ಉದಾಹರಣೆ ಕೊಡುತ್ತೇನೆ. ಇದು ಒಬ್ಬ ರೋಗಿಯ ಕಥೆಯಲ್ಲ, ವೃತ್ತಿಯಲ್ಲಿರುವ ಯಾರನ್ನು ಬೇಕಾದರೂ ಕೇಳಿ. ದಂಪತಿ ಬಂದು ಕೂರುತ್ತಾರೆ. ದಿನಕ್ಕೆಷ್ಟು ಬಿಯರ್ ಎಂದು ಕೇಳಿದರೆ "ಒಂದು, ಅದೂ ಊಟಕ್ಕೆ" ಎನ್ನುತ್ತಾನೆ ಗಂಡ. ಹೆಂಡತಿ ಹೊರಗೆ ಹೋಗಿ ಬಾಗಿಲು ಮುಚ್ಚಿಕೊಂಡ ಮೇಲೆ ಅದು ಐದಾಗುತ್ತದೆ. ಲಿವರ್ ಪರೀಕ್ಷೆಯ ವರದಿ ಐದನ್ನೇ ಹೇಳುತ್ತಿರುತ್ತದೆ ಎನ್ನುವುದು ಬೇರೆ ಮಾತು. ಬಾಗಿಲು ಮುಚ್ಚಿದ್ದಕ್ಕೆ ತಾನೆ ಆತ ಬಾಯಿ ಬಿಟ್ಟದ್ದು? ಆ ಬಾಗಿಲು ಗಟ್ಟಿಯಾಗಿರಲಿ ಎಂದೇ ಜರ್ಮನಿಯಲ್ಲಿ ದಂಡಸಂಹಿತೆಯ 203ನೇ ಕಲಮು ಇದೆ. ರೋಗಿಯ ಗುಟ್ಟು ಬಿಟ್ಟುಕೊಟ್ಟ ವೈದ್ಯನಿಗೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ರೋಗಿ ಸತ್ತ ಮೇಲೂ ಬಿಡುಗಡೆಯಿಲ್ಲ. ಇದೆಲ್ಲ ಪಾಶ್ಚಾತ್ಯರ ಬಿಗುಮಾನ ಎನ್ನುವವರು ಚರಕ ಸಂಹಿತೆಯ ವಿಮಾನಸ್ಥಾನ ತೆಗೆದು ನೋಡಬಹುದು. ವೈದ್ಯ ವಿದ್ಯಾರ್ಥಿಗೆ ಗುರು ಹೇಳುವ ಉಪದೇಶದಲ್ಲಿ, ರೋಗಿಯ ಮನೆಯೊಳಗಿನ ವಿಷಯ ಹೊರಗೆ ಆಡಬಾರದು ಎಂಬುದೂ ಸೇರಿದೆ. ಹಗಲು ಬಾಗಿಲು ಹಾಕದ ಊರಿನಲ್ಲೂ ಪಂಡಿತರಿಗೆ ಮಾತ್ರ ಹೇಳುವ ಮಾತುಗಳು ಇದ್ದೇ ಇದ್ದವು.

ಈಗ ನಮ್ಮ ಸಂಬಂಧಿಕರ ವಾಟ್ಸಾಪ್ ಗುಂಪಿಗೆ ಬರೋಣ. ತುಮಕೂರಿನ ಕಡೆಯ ನನ್ನ ದೂರದ ಅತ್ತೆಯೊಬ್ಬರಿಗೆ ಬಯಾಪ್ಸಿ ಆಯಿತು. ವರದಿ ಬಂದ ಸಂಜೆ ಮನೆಯವರ್ಯಾರೋ ಗಾಬರಿಯಲ್ಲಿ ಅದರ ಫೋಟೋ ತೆಗೆದು ಗುಂಪಿಗೆ ಹಾಕಿದರು. ಅಮೆರಿಕ, ಆಸ್ಟ್ರೇಲಿಯಾ, ಜರ್ಮನಿಗಳಲ್ಲಿರುವ ನಮಗೆಲ್ಲ ಗೊತ್ತಾಯಿತು. ಗೊತ್ತಿಲ್ಲದಿದ್ದುದು ಅತ್ತೆಯವರಿಗೆ ಮಾತ್ರ, ನಿಧಾನವಾಗಿ ಹೇಳೋಣವೆಂದು ಮಕ್ಕಳು ಕಾಯುತ್ತಿದ್ದರು. ಮಾರನೆ ಬೆಳಿಗ್ಗೆ ಅತ್ತೆ ತಮ್ಮ ಮೊಬೈಲ್ ತೆಗೆದಾಗ ಕಂಡದ್ದು ಹೂಗುಚ್ಛಗಳ ಸಾಲು, ಕೈಮುಗಿದ ಚಿತ್ರಗಳು, ಬೇಗ ಗುಣವಾಗಲಿ ಎಂಬ ಹಾರೈಕೆಗಳು. ತಮಗೆ ಕ್ಯಾನ್ಸರ್ ಎಂದು ಅವರಿಗೆ ತಿಳಿದದ್ದು ಹೀಗೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಆದರೆ ಅಂದಿನಿಂದ ಅತ್ತೆ ತಮ್ಮ ಕಾಯಿಲೆಯ ಬಗ್ಗೆ ಮಾತಾಡುವುದನ್ನೇ ನಿಲ್ಲಿಸಿದರು. ನಾನು ಫೋನ್ ಮಾಡಿದರೆ "ಚೆನ್ನಾಗಿದ್ದೀನಪ್ಪ, ನಿಮ್ಮಲ್ಲಿ ಚಳಿ ಹೇಗಿದೆ?" ಎನ್ನುತ್ತಿದ್ದರು. ನೋವು ಎಷ್ಟಿದೆ, ಎಲ್ಲಿದೆ ಎಂದು ನನ್ನ ಹತ್ತಿರವೂ ಕೊನೆಯವರೆಗೆ ಹೇಳಲಿಲ್ಲ. ಹೇಳಿದ್ದರೆ ಔಷಧದ ಪ್ರಮಾಣ ಬದಲಿಸುವುದಕ್ಕಾದರೂ ಅಲ್ಲಿನ ವೈದ್ಯರಿಗೆ ಹೇಳಬಹುದಿತ್ತು. ಖಾಸಗಿತನ ಹೋದಾಗ ಅವರಿಂದ ಹೋದದ್ದು ಮಾತು.

ಒಂದು ಮನೆಯಲ್ಲಿ ಆದದ್ದು ಒಂದು ಊರಿಗೂ ಆಗಬಹುದು. ನಾವಿರುವ ಆಖೆನ್‌ನ ಚರಿತ್ರೆಯಲ್ಲೇ ಇದಕ್ಕೊಂದು ಸಾಕ್ಷಿ ಇದೆ. ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳ ಕೈಗೆ ಬಂದ ಮೊದಲ ದೊಡ್ಡ ಜರ್ಮನ್ ನಗರ ಇದು, 1944ರ ಅಕ್ಟೋಬರ್ 21ರಂದು. ಯುದ್ಧ ಇನ್ನೂ ನಡೆಯುತ್ತಿರುವಾಗಲೇ, 1945ರ ಜನವರಿ 24ರಂದು, ಅಮೆರಿಕನ್ನರ ಮೇಲ್ವಿಚಾರಣೆಯಲ್ಲಿ ಇಲ್ಲಿ 'ಆಖನರ್ ನಾಖ್ರಿಖ್ಟೆನ್' ಎಂಬ ಪತ್ರಿಕೆ ಹೊರಟಿತು. ನಾಜಿಗಳ ಹಿಡಿತದಿಂದ ಬಿಡಿಸಿಕೊಂಡ ಮೊದಲ ಜರ್ಮನ್ ಪತ್ರಿಕೆ ಅದು. ವಾಕ್ ಸ್ವಾತಂತ್ರ್ಯ ಈ ದೇಶಕ್ಕೆ ಮರಳಿ ಬಂದದ್ದು ನಮ್ಮೂರ ಬಾಗಿಲಿನಿಂದ ಎಂದು ನಾವು ಜಂಬ ಪಡಬಹುದು. ಆದರೆ ಅದೇ ಊರಿನಲ್ಲಿ, ಅದೇ ತಿಂಗಳುಗಳಲ್ಲಿ, ಒಂದು ಹೆಸರನ್ನು ಗುಟ್ಟಾಗಿಡಲು ಹೆಣಗುತ್ತಿದ್ದರು. ಅಮೆರಿಕನ್ನರು ನೇಮಿಸಿದ ಹೊಸ ಮೇಯರ್ ಫ್ರಾಂಜ್ ಓಪನ್‌ಹೋಫ್, ವೃತ್ತಿಯಲ್ಲಿ ವಕೀಲರು. ಅಕ್ಟೋಬರ್ 31ರಂದು ಅವರು ಪ್ರಮಾಣವಚನ ತೆಗೆದುಕೊಂಡಾಗ ಪತ್ರಕರ್ತರಿಗೆ ಅವರ ಫೋಟೋ ತೆಗೆಯಲು, ಹೆಸರು ಬರೆಯಲು ಅನುಮತಿ ಇರಲಿಲ್ಲ. ನಾಜಿಗಳ ಕೈಯಲ್ಲೇ ಉಳಿದಿದ್ದ ಪ್ರದೇಶಗಳಲ್ಲಿ ಅವರ ನೆಂಟರಿರಬಹುದು, ಸೇಡು ತೀರಿಸಿಕೊಂಡಾರು ಎಂಬ ಭಯ. ಗುಟ್ಟು ಬಹಳ ದಿನ ನಿಲ್ಲಲಿಲ್ಲ. 1945ರ ಮಾರ್ಚ್ 25ರ ರಾತ್ರಿ, ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿದು ಬಂದ ಎಸ್.ಎಸ್. ತಂಡ ಅವರನ್ನು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದಿತು. ಇನ್ನು ಆರೇಳು ವಾರ ಕಳೆದಿದ್ದರೆ ಯುದ್ಧವೇ ಮುಗಿಯುತ್ತಿತ್ತು. ಅಂದು ಬರೆಯಬಾರದೆಂದಿದ್ದ ಹೆಸರು ಇಂದು ಓಪನ್‌ಹೋಫ್ ಆಲೀ ಎಂಬ ಬೀದಿಯ ಫಲಕದಲ್ಲಿದೆ. ಸಾಲು ಮರಗಳ ಚೆಂದದ ಬೀದಿ, ನಮ್ಮವರು ಅಲ್ಲಿ ಎಷ್ಟೋ ಸಲ ಓಡಾಡಿರುತ್ತಾರೆ.

ಜರ್ಮನ್ನರು ಸರ್ಕಾರದ ಯಾವ ಅರ್ಜಿ ನಮೂನೆ ಕಂಡರೂ ಹುಬ್ಬು ಗಂಟಿಕ್ಕುವುದಕ್ಕೆ ಇಂಥ ನೆನಪುಗಳಿವೆ. 1939ರ ಜನಗಣತಿಯಲ್ಲಿ ಅಜ್ಜ ಅಜ್ಜಿಯರಲ್ಲಿ ಯೆಹೂದ್ಯರು ಯಾರು ಎಂದು ಬೇರೆ ಕಾರ್ಡಿನಲ್ಲಿ ಬರೆಸಿಕೊಂಡಿದ್ದರು, ಮುಂದೆ ಏನಾಯಿತೆಂದು ಹೇಳಬೇಕಿಲ್ಲ. ಹಾಗಾಗಿ 1983ರಲ್ಲಿ ಪಶ್ಚಿಮ ಜರ್ಮನಿಯ ಸರ್ಕಾರ ಜನಗಣತಿಗೆ ಹೊರಟಾಗ ದೇಶದಾದ್ಯಂತ ಬಹಿಷ್ಕಾರದ ಕೂಗು ಎದ್ದಿತು. ಸಂವಿಧಾನ ನ್ಯಾಯಾಲಯ ಏಪ್ರಿಲ್‌ನಲ್ಲಿ ಅದನ್ನು ತಡೆಹಿಡಿಯಿತು, ಡಿಸೆಂಬರ್ 15ರಂದು ತೀರ್ಪು ಕೊಟ್ಟಿತು. ತನ್ನ ಮಾಹಿತಿ ಯಾರ ಕೈಗೆ, ಎಷ್ಟು ಹೋಗಬೇಕೆಂದು ತೀರ್ಮಾನಿಸುವ ಹಕ್ಕು ತನ್ನದೇ ಎಂಬ ತತ್ತ್ವ ಅಲ್ಲಿ ಹುಟ್ಟಿತು. ನನಗೆ ಮುಖ್ಯವೆನಿಸುವುದು ಅದಕ್ಕೆ ನ್ಯಾಯಾಧೀಶರು ಕೊಟ್ಟ ಕಾರಣ. ಸಭೆಗೆ ಹೋದರೆ ಎಲ್ಲೋ ಬರೆದಿಟ್ಟುಕೊಳ್ಳುತ್ತಾರೆ ಎಂಬ ಅನುಮಾನ ಬಂದವನು ಸಭೆಗೇ ಹೋಗುವುದಿಲ್ಲ, ಇದರಿಂದ ನಷ್ಟ ಅವನೊಬ್ಬನಿಗಲ್ಲ, ಪ್ರಜಾಪ್ರಭುತ್ವಕ್ಕೆ, ಎಂದು ಅವರು ವಿವರಿಸಿದರು. ಓದಿದಾಗ ನನಗೆ ನೆನಪಾದದ್ದು ಅತ್ತೆ. ಜನಗಣತಿ ಕೊನೆಗೆ ನಡೆದದ್ದು 1987ರಲ್ಲಿ, ಪ್ರಶ್ನೆಗಳನ್ನೂ ವಿಧಾನವನ್ನೂ ತಿದ್ದಿದ ಮೇಲೆ.

"ಸರಿ ಡಾಕ್ಟ್ರೇ, ಇದು ಜರ್ಮನ್ನರ ಪಾಡು, ನಮಗೇನು?" ಎನ್ನುತ್ತೀರಾ? ನಮ್ಮವರ ಪಾಡು ಇನ್ನೂ ರೋಚಕವಾಗಿದೆ. ಇಂದು ಭಾರತದಲ್ಲಿ ಖಾಸಗಿತನದ ಹಕ್ಕಿನ ಮಾತು ಬಂದರೆ ದೇಶದ ಎಲ್ಲ ವಕೀಲರ ಬಾಯಲ್ಲಿ ಬರುವ ಹೆಸರು ಒಂದು ಅಪ್ಪಟ ಕನ್ನಡದ ಹೆಸರು: ಪುಟ್ಟಸ್ವಾಮಿ. ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 1977ರಿಂದ 1986ರವರೆಗೆ ಕರ್ನಾಟಕ ಹೈಕೋರ್ಟಿನಲ್ಲಿದ್ದವರು. 2012ರಲ್ಲಿ, ಮೊಮ್ಮಕ್ಕಳ ಜೊತೆ ಹಾಯಾಗಿರಬೇಕಾದ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಸಂಸತ್ತಿನ ಕಾನೂನೇ ಇಲ್ಲದೆ ಕೋಟ್ಯಂತರ ಜನರ ಬೆರಳಚ್ಚು, ಕಣ್ಣುಪಾಪೆಯ ಗುರುತು ತೆಗೆದುಕೊಳ್ಳುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ಆ ಯೋಜನೆಯ ಮುಂದಾಳು ಯಾರು? ಅದೇ ಬೆಂಗಳೂರಿನ ನಂದನ್ ನಿಲೇಕಣಿ. ಒಂದೇ ಊರಿನ ಇಬ್ಬರು, ಒಬ್ಬರು ದೇಶಕ್ಕೆಲ್ಲ ಗುರುತು ಕೊಡಲು ಹೊರಟವರು, ಇನ್ನೊಬ್ಬರು ಗುರುತಿನ ಹಕ್ಕು ಯಾರದು ಎಂದು ಕೇಳಿದವರು. ಇಬ್ಬರ ಬಗ್ಗೆಯೂ ನಮಗೆ ಹೆಮ್ಮೆ ಇರಬೇಕು, ಆದರೆ ಸಂಘದ ಸಭೆಗಳಲ್ಲಿ ಎರಡನೆಯವರ ಹೆಸರು ನಾನು ಅಷ್ಟಾಗಿ ಕೇಳಿಲ್ಲ.

2015ರಲ್ಲಿ ಸರ್ಕಾರದ ವಕೀಲರು ಸಂವಿಧಾನದಲ್ಲಿ ಖಾಸಗಿತನವೆಂಬ ಮೂಲಭೂತ ಹಕ್ಕೇ ಇಲ್ಲ ಎಂದು ವಾದಿಸಿದರು. 1954ರ ಹಾಗೂ 1962ರ ಹಳೆಯ ತೀರ್ಪುಗಳು ಅವರ ಬೆಂಬಲಕ್ಕಿದ್ದವು. ಹಾಗಾಗಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಕೂರಬೇಕಾಯಿತು. ಅವರಲ್ಲೊಬ್ಬರು ನಮ್ಮ ದಕ್ಷಿಣ ಕನ್ನಡದ ಎಸ್. ಅಬ್ದುಲ್ ನಜೀರ್. 2017ರ ಆಗಸ್ಟ್ 24ರಂದು ಒಂಬತ್ತು ಮಂದಿಯೂ ಒಂದೇ ದನಿಯಲ್ಲಿ ಹಕ್ಕು ಇದೆ ಎಂದರು. ಬದುಕುವ ಹಕ್ಕಿನೊಳಗೆ ಮಾತ್ರವಲ್ಲ, ಸಂವಿಧಾನದ ಮೂರನೇ ಭಾಗದ ಉಳಿದ ಸ್ವಾತಂತ್ರ್ಯಗಳೊಳಗೂ ಅದು ಸೇರಿಕೊಂಡಿದೆ ಎಂದರು. ಮಾತಿನ ಸ್ವಾತಂತ್ರ್ಯ ಅವುಗಳಲ್ಲೊಂದು. ಇನ್ನೊಂದು ವಿಷಯ ಗಮನಿಸಿ. 2015ರ ಮಾರ್ಚ್‌ನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿ, ಫೇಸ್‌ಬುಕ್‌ನಲ್ಲಿ ಬರೆದದ್ದಕ್ಕೆ ಜನರನ್ನು ಬಂಧಿಸುತ್ತಿದ್ದ ಕಾಲಕ್ಕೆ ತೆರೆ ಎಳೆದ ತೀರ್ಪು ಬರೆದವರು ನ್ಯಾಯಮೂರ್ತಿ ರೋಹಿಂಟನ್ ನಾರಿಮನ್. ಈ ಒಂಬತ್ತು ಮಂದಿಯಲ್ಲಿ ಅವರೂ ಇದ್ದರು. ಎರಡು ಹಕ್ಕುಗಳಿಗೆ ಹಗೆತನ ಇದ್ದಿದ್ದರೆ ಅವರ ಕೈಗೆ ಮೊದಲು ಗೊತ್ತಾಗುತ್ತಿತ್ತು.

ಪುಟ್ಟಸ್ವಾಮಿಯವರು ಪೂರ್ತಿ ಗೆದ್ದರು ಎನ್ನುವಂತಿಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಆಧಾರ್ ಉಳಿಯಿತು, ಬ್ಯಾಂಕ್ ಖಾತೆಗೂ ಸಿಮ್ ಕಾರ್ಡಿಗೂ ಅದನ್ನು ಕಡ್ಡಾಯ ಮಾಡುವುದು ಬಿದ್ದುಹೋಯಿತು. ಮಾಹಿತಿ ರಕ್ಷಣೆಯ ಕಾಯ್ದೆ ಬಂದದ್ದು 2023ರಲ್ಲಿ, ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ವರ್ಷ ದಾಟಿತ್ತು. 2024ರ ಅಕ್ಟೋಬರ್ 28ರಂದು, 98ನೇ ವಯಸ್ಸಿನಲ್ಲಿ ಹೋದರು.

ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪಣೆ ಇದೆ, ಅದನ್ನು ಹೇಳದೆ ಹೋದರೆ ಮೋಸವಾಗುತ್ತದೆ. ಅದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ 2018ರ ಜುಲೈ 13ರಂದು ನಡೆದದ್ದು. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಅವರಲ್ಲೊಬ್ಬರು ಕತಾರ್‌ನಿಂದ ಬಂದವರು. ಮಕ್ಕಳ ಕಳ್ಳರೆಂಬ ಸುದ್ದಿ, ವಿಡಿಯೋ ಸಮೇತ, ವಾಟ್ಸಾಪ್‌ನಲ್ಲಿ ಅವರ ಕಾರಿಗಿಂತ ಮೊದಲು ಮುಂದಿನ ಊರು ಮುಟ್ಟಿತು. ಗುಂಪು ಸೇರಿ ಹೊಡೆದಾಗ ಒಬ್ಬ ಎಂಜಿನಿಯರ್ ಪ್ರಾಣ ಹೋಯಿತು. ಊರಿಗೆ ಹೋದಾಗ ಮಕ್ಕಳಿಗೆ ಚಾಕಲೇಟ್ ಹಂಚುವವರೇ ಅಲ್ಲವೇ ನಾವೆಲ್ಲ? ಹಾಗಾದರೆ ಮುಚ್ಚಿದ ಲಕೋಟೆಯಂತೆ ಸಂದೇಶ ಸಾಗಿಸುವ ಇಂಥ ವ್ಯವಸ್ಥೆಯಲ್ಲಿ ಕೊಲೆಗೆ ಕಾರಣವಾದ ಮಾತು ಯಾರಿಂದ ಹೊರಟಿತೆಂದು ಹುಡುಕುವುದು ಹೇಗೆ? ಮೊದಲು ಕಳಿಸಿದವರ ಗುರುತು ಕೊಡಲೇಬೇಕೆಂದು 2021ರಲ್ಲಿ ಭಾರತ ಸರ್ಕಾರ ನಿಯಮ ಮಾಡಿತು, ವಾಟ್ಸಾಪ್ ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು.

ನನ್ನ ಅಭಿಪ್ರಾಯ ವೈದ್ಯನದು, ವಕೀಲನದಲ್ಲ. ಸೋಂಕು ಹರಡಿದಾಗ ನಾವು ಹರಡುವ ದಾರಿ ಕಟ್ಟುತ್ತೇವೆ, ಊರಿನ ಎಲ್ಲರ ಹೊಟ್ಟೆ ಕೊಯ್ದು ನೋಡುವುದಿಲ್ಲ. 2018ರ ಜುಲೈನಲ್ಲೇ ವಾಟ್ಸಾಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ದಾಟಿಸದಂತೆ ಮಿತಿ ಹಾಕಿತು. ಮುಂದಿನ ಜನವರಿಯಲ್ಲಿ ಅದು ಎಲ್ಲ ದೇಶಗಳಿಗೂ ಬಂತು. ಯಾರ ಲಕೋಟೆಯನ್ನೂ ಒಡೆಯದೆ ಓಟಕ್ಕೆ ಕಡಿವಾಣ ಹಾಕುವ ಕ್ರಮ ಅದು. ಅದರಿಂದಲೇ ಎಲ್ಲ ಸರಿಹೋಗುತ್ತದೆಂದು ನಾನು ನಂಬಿಲ್ಲ. ಕೊಲೆಗಾರರನ್ನು ಹಿಡಿಯುವುದು ಪೊಲೀಸರ ಕೆಲಸ, ಮುರ್ಕಿಯಲ್ಲಿ ಹೊಡೆದ ಕೈಗಳು ಹಗಲು ಬೆಳಕಿನಲ್ಲೇ ಇದ್ದವು.

ಇನ್ನು ನನ್ನದೊಂದು ಸ್ವಾರ್ಥದ ಕೋರಿಕೆ. ಊರಿನಿಂದ ಅಪ್ಪ ಅಮ್ಮಂದಿರ ವರದಿ ಬಂದಾಗ ನಮ್ಮ ಸಂಘದ ಗುಂಪಿಗೆ ಹಾಕಿ "ಡಾಕ್ಟ್ರೇ, ಸ್ವಲ್ಪ ನೋಡಿ" ಎನ್ನುವವರು ಇದ್ದೀರಿ. ನೋಡಲು ನನಗೆ ಬೇಸರವಿಲ್ಲ, ರಾತ್ರಿ ಹನ್ನೊಂದಾದರೂ ನೋಡುತ್ತೇನೆ. ಆದರೆ ನನ್ನ ನಂಬರಿಗೇ ಕಳಿಸಿ, ಕಳಿಸುವ ಮುಂಚೆ ಅಮ್ಮನನ್ನೊಮ್ಮೆ ಕೇಳಿ. ಫೋಟೋ ತೆಗೆಯುವಾಗ ಹೆಸರಿನ ಜಾಗದ ಮೇಲೆ ಹೆಬ್ಬೆರಳು ಇಟ್ಟರೂ ಆಯಿತು. ನನಗೆ ಬೇಕಾದದ್ದು ಅವರ ಹಿಮೋಗ್ಲೋಬಿನ್, ಕ್ರಿಯಾಟಿನಿನ್, ವಯಸ್ಸು ಅಷ್ಟೇ.