ಮೆಣಸು ಕದ್ದರೆ ನಾನ್‌ಬೇಲಬಲ್, ಜೀವ ಹೋದರೂ ಬೇಲಬಲ್!

ಕೊಡಗಿನ ತೋಟವೊಂದರ ಕಣದಲ್ಲಿ ಒಣಗಲು ಹರಡಿದ್ದ ಹತ್ತು ಕಿಲೋ ಕಾಳುಮೆಣಸನ್ನು ಒಬ್ಬ ಚೀಲಕ್ಕೆ ತುಂಬಿಕೊಂಡು ಹೋದ ಎನ್ನಿ. ಅವನ ಮೇಲೆ ಬೀಳುವುದು ಜಾಮೀನುರಹಿತ ಕೇಸು. ಅದೇ ದಿನ ಸಂಪಾಜೆ ಘಾಟಿಯಲ್ಲಿ ಅಡ್ಡಾದಿಡ್ಡಿ ಕಾರು ಓಡಿಸಿದ ಇನ್ನೊಬ್ಬನಿಂದ ಒಂದು ಜೀವ ಹೋಯಿತು ಎನ್ನಿ. ಅವನ ಮೇಲೆ ಸಾಮಾನ್ಯವಾಗಿ ಬೀಳುವುದು ಠಾಣೆಯಲ್ಲೇ ಜಾಮೀನು ಸಿಗುವ ಕೇಸು. ಕೇಳಿದವರು ‘ಇದೆಂಥ ನ್ಯಾಯ’ ಎನ್ನುತ್ತಾರೆ. ಪೊಲೀಸರು ದುಡ್ಡು ತಿಂದರು, ಯಾರೋ ಫೋನ್ ಮಾಡಿಸಿದರು ಎಂಬ ಮಾತು ಸಂಜೆಯೊಳಗೆ ಊರು ಸುತ್ತುತ್ತದೆ.

ಎರಡೂ ಕಾನೂನು ಪುಸ್ತಕದಲ್ಲೇ ಇರುವ ಲೆಕ್ಕ. ಭಾರತೀಯ ನ್ಯಾಯ ಸಂಹಿತೆಯ (ಬಿಎನ್‌ಎಸ್) ಕಲಂ 303(2)ರ ಕಳ್ಳತನಕ್ಕೆ 3 ವರ್ಷದವರೆಗೆ ಜೈಲು, ಜಾಮೀನುರಹಿತ. ಕಲಂ 106(1)ರ ನಿರ್ಲಕ್ಷ್ಯದ ಸಾವಿಗೆ 5 ವರ್ಷದವರೆಗೆ ಜೈಲು, ಆದರೂ ಜಾಮೀನು ಸಿಗುತ್ತದೆ. ಈ ಗೊಂದಲದ ಬೇರು ಇರುವುದು ನಮ್ಮ ಒಂದು ನಂಬಿಕೆಯಲ್ಲಿ.

ನಂಬಿಕೆ: ಅಪರಾಧಗಳಿಗೆ ಒಂದೇ ಏಣಿ. ಕೆಳಗೆ ಸಣ್ಣ ಕೇಸು, ಮೇಲೆ ದೊಡ್ಡ ಕೇಸು.

ವಾಸ್ತವ: ಇಂಗ್ಲಿಷ್ ಸಿನಿಮಾ, ವೆಬ್ ಸರಣಿಗಳಿಂದ ಬಂದ ಕಲ್ಪನೆ ಇದು. ಅಮೆರಿಕದ ರಾಜ್ಯಗಳಲ್ಲಿ ಅಪರಾಧಗಳನ್ನು ಫೆಲನಿ, ಮಿಸ್‌ಡಿಮೀನರ್ ಎಂದು ಒಡೆದು, ಹಲವೆಡೆ ಅವುಗಳೊಳಗೂ ಎ, ಬಿ, ಸಿ ಎಂದು ದರ್ಜೆ ಮಾಡುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಇಲ್ಲಿ ಪ್ರತಿ ಅಪರಾಧಕ್ಕೂ ನಾಲ್ಕು ಬೇರೆ ಬೇರೆ ಪ್ರಶ್ನೆಗಳಿವೆ. ಪೊಲೀಸರು ತಾವಾಗಿಯೇ ತನಿಖೆಗೆ ಇಳಿಯಬಹುದೇ? ಜಾಮೀನು ಆರೋಪಿಯ ಹಕ್ಕೋ, ನ್ಯಾಯಾಲಯದ ವಿವೇಚನೆಯೋ? ಎರಡು ಕಡೆಯವರು ರಾಜಿಯಾಗಬಹುದೇ? ವಿಚಾರಣೆ ಮ್ಯಾಜಿಸ್ಟ್ರೇಟರ ಮುಂದೋ, ಮಡಿಕೇರಿಯ ಸೆಷನ್ಸ್ ನ್ಯಾಯಾಲಯದಲ್ಲೋ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಮೊದಲನೆಯ ಅನುಸೂಚಿಯಲ್ಲಿ ಒಂದು ದೊಡ್ಡ ಪಟ್ಟಿ ಇದೆ. ಪ್ರತಿ ಕಲಮಿನ ಎದುರು ಶಿಕ್ಷೆ, ಸಂಜ್ಞೇಯವೋ (ಪೊಲೀಸರು ತಾವಾಗಿಯೇ ತನಿಖೆಗೆ ಇಳಿಯಬಹುದಾದದ್ದು) ಅಸಂಜ್ಞೇಯವೋ, ಜಾಮೀನು ಉಂಟೋ ಇಲ್ಲವೋ, ಯಾವ ಕೋರ್ಟು ಎಂದು ಅದರಲ್ಲಿ ಬರೆದಿದೆ. ರಾಜಿಯ ಪಟ್ಟಿ ಬೇರೆ. ಅದು ಇದೇ ಸಂಹಿತೆಯ ಕಲಂ 359ರಲ್ಲಿದೆ. ಒಂದು ಪ್ರಶ್ನೆಗೆ ಬಂದ ಉತ್ತರದಿಂದ ಇನ್ನೊಂದರ ಉತ್ತರವನ್ನು ಊಹಿಸುವಂತಿಲ್ಲ. ಅಪಘಾತದ ಸಾವಿನ ಕೇಸಿನಲ್ಲಿ ಜಾಮೀನು ಸುಲಭ, ರಾಜಿಗೆ ಅವಕಾಶವಿಲ್ಲ. ನ್ಯಾಯ ಸಂಹಿತೆಯ ಕಲಂ 318(4)ರ ವಂಚನೆ ಕೇಸಿನಲ್ಲಿ ಜಾಮೀನು ಕಷ್ಟ, ನ್ಯಾಯಾಲಯ ಒಪ್ಪಿದರೆ ರಾಜಿ ಸಾಧ್ಯ.

ನಂಬಿಕೆ: ಕಳ್ಳತನ ಎಂದರೆ ಕಳ್ಳತನ, ಎಲ್ಲಕ್ಕೂ ಒಂದೇ ಕಲಂ.

ವಾಸ್ತವ: ಏನು ಕದ್ದ ಎಂಬುದರಷ್ಟೇ ಎಲ್ಲಿಂದ ಕದ್ದ, ಎಷ್ಟು ಬೆಲೆಯದ್ದು ಎಂಬುದೂ ಮುಖ್ಯ. ಬಳ್ಳಿಯಿಂದಲೋ ಕಣದಿಂದಲೋ ಮೆಣಸು ಹೋದರೆ ಕಲಂ 303. ಅದೇ ಮೆಣಸು ಮನೆಯಿಂದಲೋ ಸರಕು ಕಾಪಿಡುವ ಗೋದಾಮಿನಿಂದಲೋ ಹೋದರೆ ಕಲಂ 305, ಶಿಕ್ಷೆ 7 ವರ್ಷದವರೆಗೆ.

ಹೊಸ ನ್ಯಾಯ ಸಂಹಿತೆಯಲ್ಲಿ ಇನ್ನೊಂದು ಬದಲಾವಣೆ ಆಗಿದೆ. ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆಯದ್ದಾಗಿದ್ದು, ಆರೋಪಿಗೆ ಅದು ಮೊದಲ ಅಪರಾಧವಾಗಿದ್ದು, ಮಾಲನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ ಶಿಕ್ಷೆ ಸಮುದಾಯ ಸೇವೆ ಮಾತ್ರ. ಅಂಥ ಕಳ್ಳತನ ಅಸಂಜ್ಞೇಯ, ಜಾಮೀನೂ ಸಿಗುತ್ತದೆ. ಮೆಣಸಿನ ಬೆಲೆ ಕಿಲೋಗೆ 600 ರೂಪಾಯಿ ಎಂದು ಹಿಡಿದರೆ 8 ಕಿಲೋಗೆ 4,800, 9 ಕಿಲೋಗೆ 5,400. ಆ ಒಂದು ಕಿಲೋ ಕೇಸಿನ ಜಾತಿಯನ್ನೇ ಬದಲಿಸುತ್ತದೆ. ಕೊಯ್ಲಿನ ಕಾಲದಲ್ಲಿ ದೂರು ಕೊಡಲು ಹೋಗುವ ಬೆಳೆಗಾರರು ತೂಕವನ್ನೂ ಅಂದಿನ ಮಾರುಕಟ್ಟೆ ದರವನ್ನೂ ದೂರಿನಲ್ಲೇ ಬರೆಯುವುದು ಒಳ್ಳೆಯದು.

ನಂಬಿಕೆ: ದೂರು ಕೊಟ್ಟ ಮೇಲೂ ಎಫ್‌ಐಆರ್ ಹಾಕದಿದ್ದರೆ ಪೊಲೀಸರು ಕೇಸು ಮುಚ್ಚಿಹಾಕಿದಂತೆ.

ವಾಸ್ತವ: ಎಲ್ಲ ಸಲವೂ ಅಲ್ಲ. ತೋಟದ ಬೇಲಿ ವಿಷಯಕ್ಕೆ ಇಬ್ಬರಿಗೆ ಜಗಳವಾಯಿತು, ಒಬ್ಬ ಕೆನ್ನೆಗೆ ಬಾರಿಸಿದ. ಇದು ಕಲಂ 115(2)ರ ಸಾದಾ ಗಾಯ: ಒಂದು ವರ್ಷದವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಅಸಂಜ್ಞೇಯ. ಇಂಥದ್ದರಲ್ಲಿ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತೆಯೇ ಇಲ್ಲ. ದೂರನ್ನು ಪುಸ್ತಕದಲ್ಲಿ ದಾಖಲಿಸಿ, ದೂರುದಾರರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳಿಸಬೇಕು. ಠಾಣೆಯ ಭಾಷೆಯಲ್ಲಿ ಇದೇ ಎನ್‌ಸಿಆರ್. ದೂರು ಕೊಟ್ಟವರು ಹಿಂಬರಹ ಕೇಳಿ ಪಡೆಯಬೇಕು.

ಅದೇ ಏಟಿಗೆ ಹಲ್ಲು ಮುರಿದಿದ್ದರೆ? ಹಲ್ಲು ಅಥವಾ ಮೂಳೆ ಮುರಿದರೆ ಕಾನೂನಿನ ಕಣ್ಣಲ್ಲಿ ಅದು ತೀವ್ರ ಗಾಯ. ಆಗ ಕಲಂ 117(2), 7 ವರ್ಷದವರೆಗೆ ಜೈಲು, ಸಂಜ್ಞೇಯ. ಆದರೂ ಜಾಮೀನು ಸಿಗುತ್ತದೆ! ಕತ್ತಿಯಿಂದ ಕಡಿದು ಅಂಥ ಗಾಯ ಮಾಡಿದ್ದರೆ ಕಲಂ 118(2), ಜಾಮೀನುರಹಿತ. ಹೀಗಾಗಿ ಹೊಡೆದಾಟದ ಕೇಸುಗಳಲ್ಲಿ ವೈದ್ಯರು ಕೊಡುವ ಗಾಯದ ಪ್ರಮಾಣಪತ್ರದ ಒಂದು ಸಾಲು ಇಡೀ ಕೇಸಿನ ದಿಕ್ಕು ತಿರುಗಿಸುತ್ತದೆ. ಒಂದೇ ಘಟನೆಯಲ್ಲಿ ಹಲವು ಅಪರಾಧಗಳಿದ್ದು, ಅವುಗಳಲ್ಲಿ ಒಂದು ಸಂಜ್ಞೇಯವಾದರೂ ಇಡೀ ಪ್ರಕರಣ ಸಂಜ್ಞೇಯವೇ ಆಗುತ್ತದೆ.

ಸಂಜ್ಞೇಯ ಅಪರಾಧವೆಂದು ದೂರಿನಲ್ಲೇ ಸ್ಪಷ್ಟವಾಗಿದ್ದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದೆ. ‘ನಮ್ಮ ಠಾಣೆಯ ಸರಹದ್ದಲ್ಲ’ ಎಂದು ಕುಶಾಲನಗರದಿಂದ ಸೋಮವಾರಪೇಟೆಗೆ ಓಡಿಸುವಂತೆಯೂ ಇಲ್ಲ. ಎಲ್ಲಿ ಬೇಕಾದರೂ ಝೀರೋ ಎಫ್‌ಐಆರ್ ಹಾಕಬಹುದು.

ನಂಬಿಕೆ: ನಾನ್‌ಬೇಲಬಲ್ ಎಂದರೆ ಬೇಲೇ ಇಲ್ಲ; ಬೇಲಬಲ್ ಎಂದರೆ ಒಳಗೆ ಹಾಕುವುದೇ ಇಲ್ಲ.

ವಾಸ್ತವ: ಎರಡೂ ತಪ್ಪು. ಬೇಲಬಲ್ ಕೇಸಿನಲ್ಲಿ ಜಾಮೀನು ಆರೋಪಿಯ ಹಕ್ಕು, ಠಾಣಾಧಿಕಾರಿಯೇ ಕೊಡಬೇಕು. ನಾನ್‌ಬೇಲಬಲ್ ಕೇಸಿನಲ್ಲಿ ಅದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು. ಮರಣದಂಡನೆ, ಜೀವಾವಧಿಯಂಥ ಶಿಕ್ಷೆಯ ಆರೋಪವಿದ್ದರೂ ಮಹಿಳೆಯರು, ಮಕ್ಕಳು, ಕಾಯಿಲೆಯವರಿಗೆ ಮ್ಯಾಜಿಸ್ಟ್ರೇಟರು ಜಾಮೀನು ಕೊಡಬಹುದು. ಬಂಧನದ ಭಯವಿದ್ದರೆ ಸೆಷನ್ಸ್ ನ್ಯಾಯಾಲಯದಲ್ಲೋ ಹೈಕೋರ್ಟಿನಲ್ಲೋ ನಿರೀಕ್ಷಣಾ ಜಾಮೀನು ಕೇಳಬಹುದು. ತನಿಖೆ ಮುಗಿಸಿ 60 ದಿನದೊಳಗೆ, ಭಾರೀ ಅಪರಾಧಗಳಲ್ಲಿ 90 ದಿನದೊಳಗೆ, ಆರೋಪಪಟ್ಟಿ ಸಲ್ಲಿಸದಿದ್ದರೆ ಜಾಮೀನು ಪಡೆಯುವ ಹಕ್ಕು ತಾನಾಗಿ ಹುಟ್ಟುತ್ತದೆ.

ಬೇಲಬಲ್ ಕೇಸಿನಲ್ಲೂ ಸಿಕ್ಕಿಹಾಕಿಕೊಳ್ಳುವವರು ಬಡವರು. ಕೊಡಗಿನ ತೋಟಗಳ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕಾರ್ಮಿಕರು ಬಹಳ. ಆರ್‌ಟಿಸಿ ಹಿಡಿದು ಬಂದು ಅವರಿಗೆ ಜಾಮೀನು ನಿಲ್ಲುವವರು ಯಾರು? ಇದಕ್ಕೂ ಕಾನೂನಿನಲ್ಲಿ ದಾರಿಯಿದೆ. ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರ ಸಿಗದಿದ್ದರೆ ಅವರನ್ನು ನಿರ್ಗತಿಕರೆಂದೇ ತಿಳಿದು, ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕು. ಈ ವಿಷಯ ಗೊತ್ತಿಲ್ಲದೆ ವಾರಗಟ್ಟಲೆ ಒಳಗೆ ಕೂರಬೇಕಾಗಿಲ್ಲ.

ನಂಬಿಕೆ: ಎಫ್‌ಐಆರ್ ಆದ ಮೇಲೆ ಅರೆಸ್ಟ್ ಗ್ಯಾರಂಟಿ.

ವಾಸ್ತವ: 7 ವರ್ಷ ಅಥವಾ ಅದಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಕಾರಣ ಬರೆಯದೆ ಬಂಧಿಸಬಾರದು ಎಂದು ಸುಪ್ರೀಂ ಕೋರ್ಟು 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಕಟ್ಟುನಿಟ್ಟಾಗಿ ಹೇಳಿತು. ಬಂಧನ ಬೇಡವೆನಿಸಿದಲ್ಲಿ ಹಾಜರಾಗುವಂತೆ ನೋಟಿಸು ಕೊಡಬೇಕು. ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಕೇಸಾಗಿದ್ದು, ಆರೋಪಿ 60 ದಾಟಿದವರೋ ಅಶಕ್ತರೋ ಆಗಿದ್ದರೆ ಬಂಧಿಸಲು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅನುಮತಿ ಬೇಕು. ನೋಟಿಸು ಬಂದಾಗ ಹಾಜರಾಗದೆ ತಪ್ಪಿಸಿಕೊಂಡರೆ ಈ ರಕ್ಷಣೆ ಕೈತಪ್ಪುತ್ತದೆ.

ನಂಬಿಕೆ: ನಮಗೆ ಕೋವಿಗೆ ವಿನಾಯಿತಿ ಇದೆ; ಆಯುಧ ಕಾಯ್ದೆ ನಮಗೆ ಅನ್ವಯಿಸುವುದಿಲ್ಲ.

ವಾಸ್ತವ: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಆದರೆ ವಿನಾಯಿತಿ ಇರುವುದು 1959ರ ಕಾಯ್ದೆಯ ಲೈಸೆನ್ಸ್ ಪಡೆಯುವ ಷರತ್ತಿನಿಂದ. ಕೋವಿಯಿಂದ ಮಾಡಿದ್ದಕ್ಕೆಲ್ಲ ಮಾಫಿ ಇಲ್ಲ.

ಕೈಲ್‌ಪೊಳ್ದ್‌ ಹಬ್ಬದ ದಿನ ಕೋವಿಗೆ ಪೂಜೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಪುತ್ತರಿ ಹಬ್ಬದಲ್ಲಿ ಕದಿರು ತೆಗೆಯುವಾಗ ಗಾಳಿಯಲ್ಲಿ ಗುಂಡು. ಮಗು ಹುಟ್ಟಿದಾಗ, ಹಿರಿಯರು ತೀರಿಕೊಂಡಾಗ ಗುಂಡಿನ ಸದ್ದು. ಇವೆಲ್ಲ ಇಲ್ಲಿನ ಬದುಕಿನ ಭಾಗ. 2019ರಲ್ಲಿ ಆಯುಧ ಕಾಯ್ದೆಗೆ ಸೇರಿದ ಕಲಂ 25(9) ಸಂಭ್ರಮದ ಗುಂಡನ್ನು ನೇರವಾಗಿ ಹೆಸರಿಸುತ್ತದೆ. ಬೇರೆಯವರ ಪ್ರಾಣಕ್ಕೋ ಸುರಕ್ಷತೆಗೋ ಅಪಾಯವಾಗುವಂತೆ ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಆಚಾರ ಅಪರಾಧವಲ್ಲ, ಅಜಾಗರೂಕತೆ ಅಪರಾಧ. ಮದುವೆ ಮನೆಯ ಜನಸಂದಣಿಯ ನಡುವೆ ಕೋವಿ ಎತ್ತುವವರು ಈ ಗೆರೆಯನ್ನು ಗಮನಿಸಬೇಕು.

ವಿನಾಯಿತಿ ಇರುವುದು ವ್ಯಕ್ತಿಗೆ, ತೋಟಕ್ಕಲ್ಲ. ವಿನಾಯಿತಿಯೂ ಲೈಸೆನ್ಸೂ ಇಲ್ಲದ ಕಾವಲುಗಾರನ ಕೈಗೆ ‘ಆನೆ ಬಂದರೆ ಇರಲಿ’ ಎಂದು ಕೋವಿ ಕೊಟ್ಟು ಹೋದರೆ, ಅವನು ಅಕ್ರಮವಾಗಿ ಬಂದೂಕು ಇಟ್ಟುಕೊಂಡಂತೆ. ಕೊಟ್ಟವರಿಗೂ ಉರುಳು ತಪ್ಪದು.

ನಂಬಿಕೆ: ಐಪಿಸಿ, ಬಿಎನ್‌ಎಸ್ ಬಿಟ್ಟು ಉಳಿದ ಕಾಯ್ದೆಗಳ ಕೇಸುಗಳೆಲ್ಲ ದಂಡ ಕಟ್ಟಿದರೆ ಮುಗಿಯುತ್ತವೆ.

ವಾಸ್ತವ: ವಿಶೇಷ ಕಾಯ್ದೆಗಳಿಗೂ ರಾಜ್ಯದ ಕಾಯ್ದೆಗಳಿಗೂ ಅನುಸೂಚಿಯ ಎರಡನೇ ಭಾಗದಲ್ಲಿ ಮೂರೇ ಸಾಲಿನ ಸೂತ್ರವಿದೆ. 7 ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯಾದರೆ ಸಂಜ್ಞೇಯ, ಜಾಮೀನುರಹಿತ, ಸೆಷನ್ಸ್ ನ್ಯಾಯಾಲಯ. 3ರಿಂದ 7 ವರ್ಷವಾದರೆ ಸಂಜ್ಞೇಯ, ಜಾಮೀನುರಹಿತ, ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು. 3 ವರ್ಷಕ್ಕಿಂತ ಕಡಿಮೆಯಾದರೆ ಅಸಂಜ್ಞೇಯ, ಜಾಮೀನು ಉಂಟು. ಆಯಾ ಕಾಯ್ದೆ ಬೇರೆ ಹೇಳಿದ್ದರೆ ಅದರ ಮಾತೇ ನಡೆಯುತ್ತದೆ. ಆಯುಧ ಕಾಯ್ದೆಯ ಕಲಂ 38 ಆ ಕಾಯ್ದೆಯ ಎಲ್ಲ ಅಪರಾಧಗಳನ್ನೂ ಸಂಜ್ಞೇಯ ಎನ್ನುತ್ತದೆ. ಹಾಗಾಗಿ ಮೇಲೆ ಹೇಳಿದ ಸಂಭ್ರಮದ ಗುಂಡಿನ ಕೇಸಿನಲ್ಲಿ ಪೊಲೀಸರು ನೇರವಾಗಿ ತನಿಖೆಗೆ ಇಳಿಯಬಹುದು, ಜಾಮೀನು ಮಾತ್ರ ಸಿಗುತ್ತದೆ.

ಕಾಡುಹಂದಿಯ ಲೆಕ್ಕ ನೋಡಿ. ಗದ್ದೆ ಹಾಳುಮಾಡುವ ಪ್ರಾಣಿ, ಹೊಡೆದರೆ ಏನು ಎಂಬ ಮಾತು ಸಾಮಾನ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಂದಿ ಇರುವುದು ಎರಡನೇ ಅನುಸೂಚಿಯಲ್ಲಿ. ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಬೇಟೆಯಾಡಿದರೆ 3 ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ‘3 ವರ್ಷದವರೆಗೆ’ ಎಂಬುದು ಮಧ್ಯದ ಸಾಲಿಗೋ ಕೆಳಗಿನ ಸಾಲಿಗೋ? ಕೃತಿಸ್ವಾಮ್ಯದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2022ರಲ್ಲಿ ಮಧ್ಯದ ಸಾಲಿಗೆ ಎಂದಿತು. ಉರುಳು ಇಡುವುದೂ, ಬೇಟೆಗೆ ಪ್ರಯತ್ನಿಸುವುದೂ ಈ ಕಾಯ್ದೆಯಲ್ಲಿ ಬೇಟೆಯೇ. ಹಂದಿಗೆಂದು ಇಟ್ಟ ಉರುಳಿಗೆ ಚಿರತೆಯೋ ಹುಲಿಯೋ ಬಿದ್ದರೆ ಮೊದಲನೇ ಅನುಸೂಚಿ. ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ.

ರಾಜ್ಯದ ಕಾಯ್ದೆಗೆ ಇಸ್ಪೀಟಿನ ಕೇಸು ಒಳ್ಳೆಯ ಉದಾಹರಣೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 87, ಬೀದಿಯಲ್ಲಿ ಜೂಜಾಡುವುದು, ಶಿಕ್ಷೆ ಚಿಕ್ಕದಾದ್ದರಿಂದ ಅಸಂಜ್ಞೇಯವಾಗಿತ್ತು. ಅನುಮತಿ ಕೋರಿದ ಪೊಲೀಸರ ಪತ್ರದ ಮೇಲೆ ‘ಅನುಮತಿಸಿದೆ’ ಎಂದಷ್ಟೇ ಬರೆದರೆ ಸಾಲದು, ಮ್ಯಾಜಿಸ್ಟ್ರೇಟರು ಮನಸ್ಸಿಟ್ಟು ಆದೇಶ ಮಾಡಬೇಕು ಎಂದು ಹೈಕೋರ್ಟಿನ ಕಲಬುರಗಿ ಪೀಠ 2019ರಲ್ಲಿ ಹೇಳಿತು. ಈ ಕಾರಣಕ್ಕೇ ಬಿದ್ದುಹೋದ ಇಸ್ಪೀಟು ಕೇಸುಗಳು ಬಹಳ. 2021ರ ತಿದ್ದುಪಡಿ ಜೂಜಿನ ಕಾನೂನನ್ನು ಬಿಗಿಗೊಳಿಸಿತು. 2022ರಲ್ಲಿ ಹೈಕೋರ್ಟು ಅದರ ಹಲವು ಕಲಂಗಳನ್ನು ರದ್ದು ಮಾಡಿತು. ಆದ್ದರಿಂದ ಇಲ್ಲಿ ಕಲಮಿನ ಜೊತೆಗೆ ತಾರೀಕನ್ನೂ ನೋಡಬೇಕು.

ನಂಬಿಕೆ: ಊರಿನಲ್ಲಿ ಪಂಚಾಯಿತಿ ಮಾಡಿ ರಾಜಿಯಾದರೆ ಕೇಸು ಮುಗಿಯಿತು.

ವಾಸ್ತವ: ಸಾದಾ ಗಾಯಕ್ಕೆ ಪೆಟ್ಟು ತಿಂದವರೇ ರಾಜಿಯಾಗಬಹುದು. ತೀವ್ರ ಗಾಯಕ್ಕೆ ನ್ಯಾಯಾಲಯದ ಅನುಮತಿ ಬೇಕು. ಕೊಲೆ, ದರೋಡೆ, ಅತ್ಯಾಚಾರಗಳಿಗೆ ರಾಜಿಯೇ ಇಲ್ಲ. ಅಪಘಾತದಲ್ಲಿ ಸತ್ತವರ ಮನೆಯವರಿಗೆ ಪರಿಹಾರ ಕೊಟ್ಟರೂ ಕ್ರಿಮಿನಲ್ ಕೇಸು ತಾನಾಗಿ ಮುಗಿಯುವುದಿಲ್ಲ.

ಲೈನ್ ಮನೆಯ ಯರವ, ಜೇನುಕುರುಬ ಕಾರ್ಮಿಕರ ಮೇಲೆ ದೌರ್ಜನ್ಯ ನಡೆದಾಗ ‘ಸಾಲ ಮನ್ನಾ ಮಾಡುತ್ತೇವೆ, ಕೇಸು ಬೇಡ’ ಎಂಬ ಮಾತಿಗೆ ಕಾನೂನಿನ ಬೆಲೆಯಿಲ್ಲ. ಪರಿಶಿಷ್ಟ ಜಾತಿ, ಪಂಗಡದವರ ರಕ್ಷಣೆಗಿರುವ 1989ರ ದೌರ್ಜನ್ಯ ತಡೆ ಕಾಯ್ದೆಯ ಅಪರಾಧಗಳು ರಾಜಿಯ ಪಟ್ಟಿಯಲ್ಲಿಲ್ಲ. ಮೇಲ್ನೋಟಕ್ಕೆ ಆರೋಪ ನಿಲ್ಲುವಂತಿದ್ದರೆ ನಿರೀಕ್ಷಣಾ ಜಾಮೀನೂ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ಗೊತ್ತಿದ್ದೂ ಪೊಲೀಸರಿಗೆ ತಿಳಿಸದೆ ಹಿರಿಯರು ಕೂತು ತೀರ್ಮಾನ ಮಾಡಿದರೆ, ಪೋಕ್ಸೊ ಕಾಯ್ದೆಯಡಿ ಆ ಮೌನವೇ ಇನ್ನೊಂದು ಅಪರಾಧ.

ನಂಬಿಕೆ: ಜೀವಾವಧಿ ಎಂದರೆ 14 ವರ್ಷ.

ವಾಸ್ತವ: ಜೀವಾವಧಿ ಎಂದರೆ ಉಳಿದ ಆಯುಷ್ಯ ಪೂರ್ತಿ. ಮರಣದಂಡನೆಗೂ ಅವಕಾಶವಿರುವ ಅಪರಾಧಕ್ಕೆ ಜೀವಾವಧಿ ಆಗಿದ್ದರೆ, ಸರ್ಕಾರ ಶಿಕ್ಷೆ ಕಡಿತ ಮಾಡಬೇಕೆಂದರೂ ಕೈದಿ ಕನಿಷ್ಠ 14 ವರ್ಷ ಒಳಗಿರಬೇಕು. ಹದಿನಾಲ್ಕು ವರ್ಷ ಎಂಬುದು ಬಿಡುಗಡೆ ಕೇಳಲು ಬೇಕಾದ ಅರ್ಹತೆ, ಬಿಡುಗಡೆಯ ದಿನವಲ್ಲ.

ಹಾಗಾದರೆ ಕೇಸು ಮೈಮೇಲೆ ಬಂದಾಗ, ಅಥವಾ ತಾವೇ ದೂರು ಕೊಟ್ಟಾಗ, ಮೊದಲು ನೋಡಬೇಕಾದ್ದು ಏನು? ಎಫ್‌ಐಆರ್‌ನ ಕಾಯ್ದೆ ಮತ್ತು ಕಲಂ ಬರೆದ ಸಾಲು. ದೂರುದಾರರಿಗೆ ಅದರ ಪ್ರತಿ ಉಚಿತವಾಗಿ ಕೊಡಬೇಕು. ಆ ಕಲಂ ಹಿಡಿದು ಅನುಸೂಚಿ ನೋಡಿದರೆ ನಾಲ್ಕು ಪ್ರಶ್ನೆಗಳಲ್ಲಿ ಮೂರಕ್ಕೆ ಅಲ್ಲೇ ಉತ್ತರವಿದೆ. ರಾಜಿಗೆ ಕಲಂ 359. ವಕೀಲರನ್ನು ಇಡಲು ಶಕ್ತಿಯಿಲ್ಲದವರಿಗೆ, ಹಾಗೂ ಆದಾಯ ಎಷ್ಟೇ ಇರಲಿ ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ‘ದೊಡ್ಡ ಕೇಸು’ ಎಂದು ಹೆದರಿಸುವವರನ್ನೂ ‘ಸಣ್ಣ ಕೇಸು ಬಿಡಿ’ ಎಂದು ಸಮಾಧಾನ ಹೇಳುವವರನ್ನೂ ಕೇಳಬೇಕಾದ್ದು ಒಂದೇ: ಕಲಂ ಯಾವುದು?