ಕಾಲಾಣೆ ಕಾರ್ಡು ಕಲಿಸುವ ಪಾಠ

ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಪತ್ರಲೇಖನ ತಪ್ಪುವುದಿಲ್ಲ. ‘ಶಾಲಾ ವಾರ್ಷಿಕೋತ್ಸವ ಕುರಿತು ತಂದೆಗೊಂದು ಪತ್ರ ಬರೆಯಿರಿ’ ಎಂದರೆ ಸಾಕು, ಮಕ್ಕಳು ‘ತೀರ್ಥರೂಪು ತಂದೆಯವರಿಗೆ’ ಎಂದು ಆರಂಭಿಸಿ ‘ಇಂತಿ ನಿಮ್ಮ ಪ್ರೀತಿಯ ಮಗ’ನವರೆಗೆ ಸರಾಗವಾಗಿ ಬರೆದುಬಿಡುತ್ತಾರೆ. ಚೌಕ ಎಳೆದು ವಿಳಾಸವನ್ನೂ ತುಂಬುತ್ತಾರೆ. ಆದರೆ ಇವರಲ್ಲಿ ಎಷ್ಟು ಮಂದಿ ನಿಜವಾದ ಒಂದು ಕಾರ್ಡನ್ನು ಅಂಚೆ ಡಬ್ಬಿಗೆ ಹಾಕಿದ್ದಾರೆ?

ಅಂಚೆ ಕಾರ್ಡು ಹುಟ್ಟಿದ್ದೇ ಚುಟುಕು ಮಾತಿಗಾಗಿ. ಎರಡು ಸಾಲಿನ ಸುದ್ದಿಗೂ ಹಾಳೆ, ಲಕೋಟೆ, ಉದ್ದನೆಯ ಒಕ್ಕಣೆ ಏಕೆ ಎಂದು ಯೋಚಿಸಿದವರು ಆಸ್ಟ್ರಿಯದ ಅರ್ಥಶಾಸ್ತ್ರ ಪ್ರಾಧ್ಯಾಪಕ ಎಮಾನುಯೆಲ್ ಹೆರ್ಮಾನ್. ಅವರ ಸಲಹೆಯ ಫಲವಾಗಿ 1869ರ ಅಕ್ಟೋಬರ್ 1ರಂದು ಆಸ್ಟ್ರಿಯ-ಹಂಗೆರಿಯಲ್ಲಿ ಅಂಚೆ ಕಾರ್ಡು ಚಲಾವಣೆಗೆ ಬಂತು. ಹತ್ತು ವರ್ಷಗಳ ನಂತರ, 1879ರ ಜುಲೈ 1ರಂದು, ಭಾರತಕ್ಕೂ ಕಾಲಿಟ್ಟಿತು. ಬೆಲೆ ಕಾಲಾಣೆ. ಎಂದರೆ ರೂಪಾಯಿಗೆ 64 ಕಾರ್ಡು!

ಕಾರ್ಡು ತೆರೆದ ಕಾಗದ. ಓದು ಬಾರದವರ ಮನೆಯಲ್ಲಿ ಅಂಚೆಯಣ್ಣನೇ ಅದನ್ನು ಓದಿ ಹೇಳುತ್ತಿದ್ದ. ಮದುವೆಯ ಪತ್ರವಾದರೆ ಮೂಲೆಗಳಿಗೆ ಅರಿಶಿನ. ಸಾವಿನ ಸುದ್ದಿಯಾದರೆ ಓದಿದ ಕೂಡಲೇ ಹರಿದುಹಾಕುವ ಪದ್ಧತಿ. ಮನೆಮಾತು ನಾಲ್ಕು ಜನಕ್ಕೆ ತಿಳಿಯಬಾರದು ಎನ್ನುವವರಿಗೆ 1950ರಲ್ಲಿ ಇನ್‌ಲ್ಯಾಂಡ್ ಲೆಟರ್ ಬಂತು. ಮಡಿಚಿ ಅಂಟಿಸಿದರೆ ಅದೇ ಕಾಗದ, ಅದೇ ಲಕೋಟೆ. ಜಾಗ ಮುಗಿದರೆ ಅಂಚಿನಲ್ಲಿ ಅಡ್ಡಡ್ಡ ಬರೆದು, ಅಜ್ಜಿಯ ಆಶೀರ್ವಾದವನ್ನೂ ತುರುಕಿಯೇ ಕಳಿಸುತ್ತಿದ್ದರು.

ಚಿಕ್ಕ ಕಾಗದದಲ್ಲಿ ದೊಡ್ಡ ಮಾತು ಹಿಡಿಸುವುದಿಲ್ಲವೆ? ಸೋಮವಾರ ಗಾಂಧೀಜಿಯವರ ಮೌನದ ದಿನ. 1947ರ ಜೂನ್ 2, ಸೋಮವಾರ, ದೇಶ ವಿಭಜನೆಯ ಯೋಜನೆಯನ್ನು ವಿವರಿಸಲು ವೈಸ್‌ರಾಯ್ ಮೌಂಟ್‌ಬ್ಯಾಟನ್ ಅವರನ್ನು ಭೇಟಿಯಾದರು. ಗಾಂಧೀಜಿ ಮೌನ ಮುರಿಯಲಿಲ್ಲ. ಹೇಳಬೇಕಾದ್ದನ್ನು ಬಳಸಿದ ಹಳೆಯ ಲಕೋಟೆಗಳ ಹಿಂಬದಿಯಲ್ಲಿ ಬರೆದುಕೊಟ್ಟರು. ಅಷ್ಟು ಗಂಭೀರ ಸಂದರ್ಭಕ್ಕೂ ಆ ಚೂರುಗಳೇ ಸಾಕಾದವು.

ಮೊಬೈಲ್‌ನಲ್ಲಿ ಬೆರಳಾಡಿಸಿದಂತೆ ಬರೆದು, ಅಳಿಸಿ, ಮತ್ತೆ ಬರೆಯಬಹುದು. ಕಾರ್ಡಿನಲ್ಲಿ ಇರುವುದೇ ಹತ್ತು ಹದಿನೈದು ಸಾಲು. ಯಾವುದು ಮುಖ್ಯ, ಯಾವುದನ್ನು ಬಿಡಬಹುದು ಎಂದು ಮೊದಲೇ ಯೋಚಿಸಬೇಕು. ಅಕ್ಷರ ಎದುರಿನವರಿಗೆ ಅರ್ಥವಾಗುವಂತಿರಬೇಕು. ಪ್ರಬಂಧಕ್ಕೂ ಪರೀಕ್ಷೆಯ ಉತ್ತರಕ್ಕೂ ಬೇಕಾದ ಅಭ್ಯಾಸ ಇದೇ ತಾನೆ?

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ಅಜ್ಜ-ಅಜ್ಜಿಗೆ ಒಂದು ಕಾರ್ಡು ಬರೆಯಿರಿ. ಪಿನ್‌ಕೋಡ್ ಮರೆಯಬೇಡಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕಿಗಳಲ್ಲಿ ಮೊದಲ ಮೂರು ಪತ್ರ ವಿಂಗಡಣೆಯ ಜಿಲ್ಲೆಯನ್ನು, ಕೊನೆಯ ಮೂರು ಅಂಚೆ ಕಚೇರಿಯನ್ನು ಸೂಚಿಸುತ್ತವೆ. ಕರ್ನಾಟಕದ ಪಿನ್‌ಕೋಡ್‌ಗಳೆಲ್ಲ 5ರಿಂದಲೇ ಆರಂಭ.

ಪೋಷಕರಿಗೂ ಒಂದು ಮಾತು. ಮಕ್ಕಳು ಬರೆದ ಕಾರ್ಡಿನಲ್ಲಿ ಕಾಗುಣಿತ ತಪ್ಪಿದ್ದರೂ ತಿದ್ದಲು ಹೋಗಬೇಡಿ, ಹಾಗೆಯೇ ಕಳಿಸಿ. ಊರಿನಲ್ಲಿ ಅದನ್ನು ಓದುವವರು ಅಂಕ ಕೊಡಲು ಕುಳಿತಿಲ್ಲ.